ಕಂಡೋರ ಕುರಿ ಕಾಯೋ ಕಸುಬು: ಕೈಗೆ ಬಂದದ್ದೆಷ್ಟು, ಕಾಲಿಗೆ ಸವೆದದ್ದೆಷ್ಟು?

ಶಿರಾ: ಬೆಂಗಳೂರಿನಲ್ಲಿ ಈಗ ನಾಯಿ ತಿರುಗಾಡಿಸುವುದೇ ಒಂದು ಉದ್ಯೋಗ. ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋದರೆ ಮನೆಯ ನಾಯಿಗೆ ಗಾಳಿ ಕುಡಿಸೋರು ಯಾರು? ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ತಿಂಗಳಾದರೆ ಸಂಬಳ. ನಮ್ಮ ಕಡೆಯ ಹುಡುಗರು ಇದನ್ನು ಕೇಳಿ ನಗುತ್ತಾರೆ. ನಗೋದಕ್ಕೇನಿದೆ ಸ್ವಾಮಿ? ಪಕ್ಕದವರ ಪ್ರಾಣಿಯನ್ನು ಕೂಲಿಗೆ ನಡೆಸುವ ಕಸುಬು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಗೆ ಹೊಸದೇ? ಬೆಂಗಳೂರಿನವನು ಒಂದು ನಾಯಿ ಹಿಡಿದು ಅರ್ಧ ಗಂಟೆ ನಡೆದರೆ, ಇಲ್ಲಿಯವನು ಅರವತ್ತು ಕುರಿ ಹೊಡೆದುಕೊಂಡು ಹೊತ್ತು ಮುಳುಗೋ ತನಕ ನಡೀತಾನೆ. ಅವನಿಗೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸಲಾಮು, ಇವನಿಗೆ ತೋಟದ ಬೇಲಿಯಲ್ಲಿ ಬೈಗುಳ.

ತುಮಕೂರು ಜಿಲ್ಲೆ ಕುರಿ ಸಾಕಣೆಯಲ್ಲಿ ರಾಜ್ಯದ ಮುಂಚೂಣಿ ಜಿಲ್ಲೆಗಳಲ್ಲೊಂದು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1 ಕೋಟಿ 11 ಲಕ್ಷ ಕುರಿ ಇದ್ದವು. ಇಷ್ಟೂ ಕುರಿ ಕಾಯುವವರ ಸ್ವಂತದ್ದು ಅಂದುಕೊಂಡರೆ ಅದು ತಪ್ಪು ಲೆಕ್ಕ. ಅಂಗಡಿ ಇಟ್ಟವರು, ಮೇಷ್ಟ್ರು, ಲಾರಿ ಡ್ರೈವರು, ಊರು ಬಿಟ್ಟು ಪಟ್ಟಣ ಸೇರಿದವರು, ಹೀಗೆ ಎಷ್ಟೋ ಜನ ನಾಲ್ಕೋ ಹತ್ತೋ ಕುರಿ ಕೊಂಡು ಹಳ್ಳಿಯ ಕುರಿಯವನ ಮಂದೆಗೆ ಬಿಟ್ಟಿರುತ್ತಾರೆ. ಬ್ಯಾಂಕಿನಲ್ಲಿಟ್ಟ ದುಡ್ಡು ಮರಿ ಹಾಕೋದು ನಿಧಾನ, ಕುರಿ ಹಾಗಲ್ಲ. ಇದನ್ನು ಓದುತ್ತಿರುವ ಅಂಗಡಿ ಯಜಮಾನರಲ್ಲೇ ಎಷ್ಟು ಜನರ ಕುರಿ ಯಾರ ರೊಪ್ಪದಲ್ಲಿದೆಯೋ!

ಬಂಡವಾಳ: ಕಂಬಳಿ, ದೋಟಿ, ನಾಯಿ

ಈ ಕಸುಬಿಗೆ ಇಳಿಯೋದು ಸುಲಭ. ಅಂಗಡಿಯ ಹಾಗೆ ಮುಂಗಡ ಬೇಡ, ಲೈಸೆನ್ಸು ಬೇಡ, ಬೋರ್ಡು ಬರೆಸೋದು ಬೇಡ. ಹೆಗಲ ಮೇಲೊಂದು ಕಂಬಳಿ, ಜಾಲಿಕಾಯಿ ಉದುರಿಸಿ ಸೊಪ್ಪು ಎಳೆಯೋಕೆ ಒಂದು ದೋಟಿ, ರಾತ್ರಿ ಕುರಿ ಕೂಡೋಕೆ ಬಲೆ, ಕಾವಲಿಗೆ ಒಂದೆರಡು ನಾಯಿ. ಎಸ್ಸೆಸ್ಸೆಲ್ಸಿ ಫೇಲಾಗಿ ಊರಲ್ಲಿ ಕೂತ ಹುಡುಗನಿಗೆ ಅಪ್ಪ ಹೇಳೋ ಮೊದಲ ಮಾತೇ "ಹೋಗ್ಲಾ, ನಾಕು ಕುರಿನಾದ್ರೂ ಕಾಯಿ".

ಒಪ್ಪಂದ ಬಾಯಿ ಮಾತಿನದು. ತಲೆಗೆ ತಿಂಗಳಿಗಿಷ್ಟು ಅಂತ ಕಾಸಿಗೆ ಕಾಯುವುದು ಒಂದು ಥರ. ಪಾಲಿಗೆ ಸಾಕುವುದು ಇನ್ನೊಂದು ಥರ. ತಾಯಿ ಕುರಿ ಯಜಮಾನನದು, ಹುಟ್ಟಿದ ಮರಿಯಲ್ಲಿ ಅರ್ಧ ಕಾಯ್ದವನದು.

ಕಾಸಿನ ಲೆಕ್ಕ ಹಾಕಿ ನೋಡೋಣ. ತಲೆಗೆ ತಿಂಗಳಿಗೆ 100 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ 60 ಕುರಿಗೆ 6,000. ದಿನಕ್ಕೆ 200 ಬಿತ್ತು. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿಯೇ 370 ರೂಪಾಯಿ ಇತ್ತು. ಅದನ್ನು ಸರಿಗಟ್ಟಬೇಕಾದರೆ 111 ಕುರಿ ಬೇಕು. ಅಷ್ಟು ಕುರಿಯನ್ನು, ಅದೂ ಹತ್ತು ಮನೆಯ ಬೇರೆ ಬೇರೆ ಕುರಿಯನ್ನು, ಬೆಳೆ ನಡುವಿನ ದಾರಿಯಲ್ಲಿ ಒಬ್ಬನೇ ತಡೆಯೋದು ಆಗದ ಮಾತು. ಹಿಂದೆ ಒಬ್ಬ ಬೇಕು. ಸಾಮಾನ್ಯವಾಗಿ ಆ ಹಿಂದಿನವನು ಮನೆಯ ಚಿಕ್ಕ ಹುಡುಗನೇ. ಅವನ ಕೂಲಿ ಲೆಕ್ಕಕ್ಕೆ ಬರೋದಿಲ್ಲ, ಅವನ ಇಸ್ಕೂಲೂ ಬರೋದಿಲ್ಲ. ಭಾನುವಾರ ರಜೆ ಅನ್ನೋದು ಕುರಿಗೆ ಗೊತ್ತಿಲ್ಲವಾದ್ದರಿಂದ ಕಾಯುವವನಿಗೂ ಇಲ್ಲ.

ಪಾಲಿನದು ಕೇಳೋಕೆ ಚೆಂದ. 20 ತಾಯಿ ಕುರಿ ವರ್ಷಕ್ಕೊಂದು ಸೂಲು ಈದರೂ 20 ಮರಿ. ಐದು ಸತ್ತವು ಅನ್ನಿ, ಉಳಿದದ್ದು 15. ಅರ್ಧ ಅಂದರೆ ಏಳೂವರೆ. ಆ ಅರ್ಧ ಮರಿಯ ಜಗಳ ಅರಳಿಕಟ್ಟೆಗೆ ಹೋಗದೆ ಬಗೆಹರಿದರೆ ಪುಣ್ಯ. ಸತ್ತ ಐದರ ಜಗಳ ಬೇರೆ.

"ಮರಿ ಎಲ್ಲೋಯ್ತು ಕಣಪ್ಪಾ?"

"ತ್ವಾಳ ಎತ್ಕಂಡೋಯ್ತು ಯಜಮಾನ್ರೇ."

"ತ್ವಾಳಕ್ಕೆ ಯಾವಾಗ್ಲೂ ನಮ್ಮ ಮರೀನೇ ಕಾಣ್ತದೆ ನೋಡು!"

ನಾಲ್ಕೂ ತಾಲ್ಲೂಕಿನಲ್ಲಿ ನಡೆಯುವ ಮಾಮೂಲು ಸಂಭಾಷಣೆ ಇದು. ಕಿವಿ ಕತ್ತರಿಸಿ ಗುರುತು ಮಾಡಿರುತ್ತಾರೆ, ಚರ್ಮ ತಂದು ತೋರಿಸಿದರೂ ಅನುಮಾನ ಹೋಗುವುದಿಲ್ಲ. ತೋಳ ಮಾತ್ರ ಸುಳ್ಳಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳ ಜೊತೆ ಅವೂ ಇವೆ. ಗುಡ್ಡದಂಚಿನ ಊರುಗಳಲ್ಲಿ ಚಿರತೆ ಕಾಟ. ರೊಪ್ಪದೊಳಗೆ ಚಿರತೆ ನುಗ್ಗಿದರೆ ಒಂದನ್ನು ತಿಂದು ಹತ್ತನ್ನು ಕೊಂದು ಹೋಗೋದುಂಟು.

ಕೈ ಹಿಡಿಯೋದು ಗೊಬ್ಬರ

ಹೊಸದಾಗಿ ಇಳಿದವನಿಗೆ ಗೊತ್ತಿಲ್ಲದ, ಹಳಬರು ಬಿಟ್ಟುಕೊಡದ ಆದಾಯ ಒಂದಿದೆ. ಅದು ಮಂದೆ ತರುಬುವುದು. ಕಟಾವಾದ ಹೊಲದಲ್ಲಿ ರಾತ್ರಿ ಕುರಿ ಕೂಡಿದರೆ ಹಿಕ್ಕೆ, ಗಂಜಲ ಎರಡೂ ಅಲ್ಲೇ ಭೂಮಿಗೆ ಬೀಳುತ್ತದೆ. ಗಾಡಿ ಬೇಡ, ಗೊಬ್ಬರ ಹರಡೋ ಆಳು ಬೇಡ. ಹೊಲದವನು ರಾತ್ರಿಗಿಷ್ಟು ಅಂತ ಕಾಸು ಕೊಡುತ್ತಾನೆ, ಇಲ್ಲವೇ ರಾಗಿಯೋ ಜೋಳವೋ ಅಳೆಯುತ್ತಾನೆ. ಮಂದೆ ದೊಡ್ಡದಾದಷ್ಟೂ ಬೇಡಿಕೆ. ಅದಕ್ಕೇ ನಾಲ್ಕು ಜನ ಕುರಿಯವರು ಸೇರಿ ಒಂದೇ ಮಂದೆ ಮಾಡುತ್ತಾರೆ. ಅಡಿಕೆ ತೋಟದವರೂ ಈಗ ಕುರಿಗೊಬ್ಬರ ಹುಡುಕಿಕೊಂಡು ಬರುತ್ತಾರೆ. ಕುರಿ ಯಾರದೇ ಇರಲಿ, ಹಿಕ್ಕೆ ಕಾಯ್ದವನದು ಅನ್ನೋದು ಈ ಕಸುಬಿನ ಕಾನೂನು.

ಕಾಲಮಾನ ಹೀಗೆ: ಕಾರ್ತೀಕದ ಹೊತ್ತಿಗೆ ಕಡ್ಲೆಕಾಯಿ ಕಿತ್ತ ಹೊಲ, ಆಮೇಲೆ ರಾಗಿ ಕೂಳೆ. ಅಲ್ಲಿಂದ ಸಂಕ್ರಾಂತಿ ತನಕ ಕುರಿಗೆ ಹೊಟ್ಟೆ ತುಂಬ ಮೇವು, ಕುರಿಯವನ ಮುಖದಲ್ಲಿ ನಗು. ಶಿವರಾತ್ರಿ ಕಳೆದರೆ ನೆಲ ಬೋಳು. ಜಾಲಿಕಾಯಿ ಉದುರಿಸಿ ಜೀವ ಹಿಡಿಯಬೇಕು, ಇಲ್ಲಾ ಮಂದೆ ಕಟ್ಟಿಕೊಂಡು ನೀರಾವರಿ ಸೀಮೆ ಕಡೆ ಗುಳೆ ಹೊರಡಬೇಕು. ತಿಂಗಳುಗಟ್ಟಲೆ ಮನೆ ಬಿಟ್ಟವನಿಗೆ ಯಾರು ಹೆಣ್ಣು ಕೊಡ್ತಾರೆ? ಈ ಮಾತು ಈಗ ಹಟ್ಟಿ ಹಟ್ಟಿಯಲ್ಲೂ ಕೇಳಿಬರುತ್ತದೆ. ಶಿರಾ ತಾಲ್ಲೂಕಿನ ಕಳುವರಹಳ್ಳಿ ಜುಂಜಪ್ಪನ ಗುಡ್ಡೆಯಲ್ಲಿ ದನ ಕಾಯ್ದ ಜುಂಜಪ್ಪ ದೇವರಾಗಿ ಪೂಜೆಗೊಳ್ಳುತ್ತಾನೆ, ಅವನ ಹೆಸರಲ್ಲಿ ಗಣೆ ಊದುತ್ತಾರೆ. ಇವತ್ತು ಕುರಿ ಕಾಯುವ ಹುಡುಗನಿಗೆ ಮದುವೆ ಗಗನಕುಸುಮ.

ಎಳೆ ಹುಲ್ಲೇ ಯಮ

ಮಳೆ ಬಂದರೆ ಸಾಕು ಅಂತ ಕಾಯುವ ಕುರಿಯವನಿಗೆ ಮಳೆಯೇ ಮೊದಲ ಪೆಟ್ಟು ಕೊಡುತ್ತದೆ. ಮುಂಗಾರು ಬಿದ್ದು ಎಳೆ ಹುಲ್ಲು ಚಿಗುರಿದಾಗ ಹಸಿದ ಕುರಿ ಬಕಬಕ ಮೇಯುತ್ತದೆ. ಕರುಳಿನಲ್ಲಿ ವಿಷದ ಕ್ರಿಮಿ ಹೆಚ್ಚಿ ರಾತ್ರಿ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಕಾಲು ಚಾಚಿರುತ್ತದೆ. ಇದೇ ಕರುಳುಬೇನೆ. ಅದೂ ಮಂದೆಯಲ್ಲಿ ಪುಷ್ಟಿಯಾಗಿರುವ ಮರಿಯೇ ಮೊದಲು ಹೋಗುವುದು. ಜೋಳದ ಎಳೇ ಪೈರಿಗೆ ಬಾಯಿ ಹಾಕಿದರೆ ಇನ್ನೂ ಬೇಗ, ಅದರಲ್ಲಿ ಸೈನೈಡ್ ವಿಷವಿರುತ್ತದೆ. ಮಳೆಗಾಲದ ಕೊನೆಗೆ ನುಸಿ ಕಚ್ಚಿ ಹರಡುವ ನೀಲಿನಾಲಿಗೆ ರೋಗ. ಬಾಯಿ ಊದಿ, ಕಾಲು ಕುಂಟಿ, ಮಂದೆಗೆ ಮಂದೆಯೇ ನಿಂತಲ್ಲಿ ನಿಲ್ಲುತ್ತದೆ.

ಕರುಳುಬೇನೆಗೆ ಮುಂಗಾರಿಗೆ ಮೊದಲೇ ಲಸಿಕೆ ಹಾಕಿಸಿದರೆ ಮುಗಿಯಿತು. ಆದರೆ ಕಂಡೋರ ಕುರಿಗೆ ಸೂಜಿ ಹಾಕಿಸೋದು ಯಾರು? ಯಜಮಾನ ಅಂತಾನೆ, ಕಾಯೋನು ನೀನು. ಕಾಯೋನು ಅಂತಾನೆ, ಕುರಿ ನಿಮ್ದು. ಈ ಮಾತು ಮುಗಿಯೋದರೊಳಗೆ ಮಳೆ ಬಂದಿರುತ್ತದೆ. ಅರ್ಧ ಜಗಳಕ್ಕೆ ಮೂಲ ಇದೇ. ಕುರಿ ಒಪ್ಪಿಸುವ ದಿನವೇ ಲಸಿಕೆ ಯಾರದ್ದು, ಸತ್ತರೆ ಯಾರದ್ದು ಅಂತ ನಾಲ್ಕು ಜನರ ಮುಂದೆ ಮಾತಾಡಿಕೊಂಡವರು ಬಚಾವಾಗಿದ್ದಾರೆ.

ಸತ್ತ ಕುರಿಗೆ ಸರ್ಕಾರದ ಅನುಗ್ರಹ ಯೋಜನೆಯ ಪರಿಹಾರವಿದೆ. ದೊಡ್ಡ ಕುರಿಗೆ 5,000 ಇದ್ದದ್ದನ್ನು 2025-26ರ ಬಜೆಟ್ಟಿನಲ್ಲಿ 7,500ಕ್ಕೆ ಏರಿಸಿದರು. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡಬೇಕು. ಅಡವಿಯಲ್ಲಿ ಸತ್ತ ಕುರಿಯನ್ನು ಹೊತ್ತು ಆಸ್ಪತ್ರೆಗೆ ಹೋಗುವವನು ಉಳಿದ 59 ಕುರಿಯನ್ನು ಯಾರಿಗೆ ಬಿಟ್ಟು ಹೋಗಬೇಕು? ಅಷ್ಟು ಮಾಡಿ ದುಡ್ಡು ಬಂದರೂ ಅದು ಕುರಿ ಯಜಮಾನನದು ಅಂತಲೇ ಮಾತು. ಶಿರಾ ಮೇಲೆ ಹಾಯುವ 48ನೇ ಹೆದ್ದಾರಿಯಲ್ಲಿ ಲಾರಿ ಮಂದೆಗೆ ನುಗ್ಗಿದರೆ ಹೇಳೋದೇ ಬೇಡ, ಲಾರಿ ನಿಲ್ಲೋದು ಟೋಲಿನಲ್ಲೇ.

ಸ್ವಂತ ಕುರಿ ಮಾಡಿಕೊಳ್ಳೋಣ ಅಂದರೆ ಯೋಜನೆಗಳಿಗೇನೂ ಬರವಿಲ್ಲ. ಕೇಂದ್ರದ ಜಾನುವಾರು ಮಿಷನ್ನಿನಲ್ಲಿ 100 ಕುರಿ, 5 ಟಗರಿನ ಘಟಕಕ್ಕೆ 10 ಲಕ್ಷದ ತನಕ ಸಬ್ಸಿಡಿ, 500 ಕುರಿಗೆ 50 ಲಕ್ಷ. ಉಳಿದರ್ಧ ಬ್ಯಾಂಕು ಕೊಡಬೇಕು, ಬ್ಯಾಂಕಿಗೆ ಜಮೀನಿನ ಪಹಣಿ ಬೇಕು. ಪಹಣಿ ಇದ್ದಿದ್ದರೆ ಅವನು ಕಂಡೋರ ಕುರಿ ಯಾಕೆ ಕಾಯುತ್ತಿದ್ದ? ಹೀಗಾಗಿ ಕಾಯ್ದವನು ಸ್ವಂತದ್ದು ಮಾಡಿಕೊಳ್ಳೋದು ಪಾಲಿಗೆ ಬಂದ ಹೆಣ್ಣು ಮರಿಗಳನ್ನು ಮಾರದೆ ಉಳಿಸಿಕೊಂಡೇ. ನಾಲ್ಕು ವರ್ಷ ಹಲ್ಲು ಕಚ್ಚಿ ಹಿಡಿದವನ ಮಂದೆಯಲ್ಲಿ ಅರ್ಧ ಅವನದೇ ಆಗಿರುತ್ತದೆ. ಗಂಡು ಮರಿ ಸಂತೆಗೆ. ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಸಂತೆಯಲ್ಲಿ ಬಕ್ರೀದ್ ಮುಂಚೆ, ಯುಗಾದಿಯ ಹೊಸತೊಡಕಿನ ಮುಂಚೆ ಟಗರು ಹಿಡಿದು ನಿಂತವನ ಕತ್ತು ಸ್ವಲ್ಪ ನೆಟ್ಟಗಿರುತ್ತದೆ. ಮಟನ್ ರೇಟು ಏರಿದ್ದು ಊಟ ಮಾಡೋರಿಗೆ ಸಂಕಟವಾದರೂ ಇವನಿಗೆ ಅದೊಂದೇ ಸಮಾಧಾನ.

ಮೇಯಿಸೋದೆಲ್ಲಿ?

ರೋಗ, ತೋಳ, ಯಜಮಾನನ ಅನುಮಾನ ಎಲ್ಲವನ್ನೂ ತಡೆದುಕೊಳ್ಳಬಹುದು. ನೆಲವೇ ಇಲ್ಲದಿದ್ದರೆ? ನಾಯಿ ತಿರುಗಾಡಿಸುವವನಿಗೆ ಫುಟ್‌ಪಾತು ಸಾಕು, ಕುರಿಗೆ ಹುಲ್ಲು ಬೇಕು.

ಕಂದಾಯ ನಿಯಮದ ಪುಸ್ತಕದಲ್ಲಿ 100 ಜಾನುವಾರಿಗೆ 30 ಎಕರೆ ಗೋಮಾಳ ಅಂತ ಬರೆದಿದೆ. ಪುಸ್ತಕ ಕಛೇರಿಯಲ್ಲಿದೆ, ಗೋಮಾಳ ಬಗರ್‌ಹುಕುಂ ಅರ್ಜಿಗಳಲ್ಲಿದೆ. ಬಡವನಿಗೆ ಎರಡೆಕರೆ ಸಿಕ್ಕರೆ ಬೇಡ ಅನ್ನೋದಕ್ಕಾಗೋದಿಲ್ಲ. ಆದರೆ ಒಬ್ಬ ಬಡವನಿಗೆ ಸಿಕ್ಕ ನೆಲ ಇನ್ನೊಬ್ಬ ಬಡವನ ಕುರಿಯ ಬಾಯಿಂದ ಹೋದದ್ದು. ಮೈದನಹಳ್ಳಿಯ 798 ಎಕರೆಯನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಅಂತ ಘೋಷಿಸಿದರು. ಜಿಂಕೆ ಉಳಿಯಬೇಕಾದ್ದೇ. ಶಿರಾ, ಕೊರಟಗೆರೆ ಕಡೆ ನೀರು ಕಂಡಲ್ಲೆಲ್ಲ ಅಡಿಕೆ ಎದ್ದಿದೆ, ಅಡಿಕೆ ಎದ್ದಲ್ಲೆಲ್ಲ ತಂತಿ ಬೇಲಿ. ಮೊದಲು ಹೊಲದಿಂದ ಹೊಲಕ್ಕೆ ದಾಟುತ್ತಿದ್ದ ಮಂದೆ ಈಗ ಟಾರು ರಸ್ತೆ ಹಿಡಿಯಬೇಕು. ಬಸ್ಸಿನಲ್ಲಿ ಕೂತವರು ಹಾರನ್ನು ಕೇಳಿ ಬೇಜಾರು ಮಾಡಿಕೊಳ್ಳುತ್ತಾರಲ್ಲ, ಕುರಿ ರಸ್ತೆಗೆ ಬಂದದ್ದು ಹೀಗೆ.

ಎಲ್ಲಕ್ಕಿಂತ ದೊಡ್ಡ ಬೇಲಿ ಪಾವಗಡದ್ದು. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಹಳ್ಳಿಗಳ 13,000 ಎಕರೆಯಲ್ಲಿ ಸೋಲಾರ್ ಪಾರ್ಕು. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಆಮೇಲೆ 2,050 ಮೆಗಾವಾಟ್‌ಗೆ ಬೆಳೆಯಿತು. ಬರದಲ್ಲಿ ಬೆಂದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ ಅಂತ ಒಪ್ಪಂದ. ಕಡ್ಲೆಕಾಯಿ ಬಿತ್ತಿ ಬೀಜದ ದುಡ್ಡೂ ಕಾಣದವರಿಗೆ ಇದು ದೊಡ್ಡ ಮಾತೇ. ಯಾರೂ ಅಲ್ಲಗಳೆಯುವಂತಿಲ್ಲ. ಬಾಡಿಗೆ ಬಂದದ್ದು ಪಹಣಿ ಇದ್ದವರಿಗೆ. ಆ ಹೊಲಗಳ ಕೂಳೆಯಲ್ಲಿ, ಬದುವಿನಲ್ಲಿ, ಬೀಳು ನೆಲದಲ್ಲಿ ಕುರಿ ಮೇಯಿಸಿಕೊಂಡಿದ್ದ ನೆಲವಿಲ್ಲದವನಿಗೆ ಬಾಡಿಗೆಯೂ ಇಲ್ಲ, ಮೇವೂ ಇಲ್ಲ. ಎಷ್ಟೋ ಮನೆಗಳವರು ಮಂದೆ ಕರಗಿಸಿದರು. ಕುರಿ ಕಾಯ್ದ ಕೈ ಪ್ಯಾನೆಲ್ ತೊಳೆಯೋಕೆ, ಹುಲ್ಲು ಕೀಳೋಕೆ, ವಾಚ್‌ಮನ್ ಕೆಲಸಕ್ಕೆ ಹೋಯಿತು.

ಹುಲ್ಲು ಕೀಳೋಕೆ ಅಂದೆವಲ್ಲ, ತಮಾಷೆ ಇರೋದು ಇಲ್ಲೇ. ಅಮೆರಿಕದಲ್ಲಿ ಸೋಲಾರ್ ಕಂಪನಿಗಳು ಪ್ಯಾನೆಲ್ ಕೆಳಗಿನ ಹುಲ್ಲು ಮೇಯಿಸೋಕೆ ಕುರಿಯವರನ್ನು ಕರೆದು ಎದುರು ದುಡ್ಡು ಕೊಡುತ್ತವೆ. ಮೆಷಿನ್ನಿನಲ್ಲಿ ಹುಲ್ಲು ಕತ್ತರಿಸೋದಕ್ಕಿಂತ ಅದು ಅಗ್ಗ, ಕಲ್ಲು ಸಿಡಿದು ಗಾಜು ಒಡೆಯೋ ಭಯವೂ ಇಲ್ಲ. ಅಲ್ಲಿ ಅದೊಂದು ವ್ಯಾಪಾರವಾಗಿ ಬೆಳೆದು ಕುರಿಯವರ ಸಂಘವೂ ಆಗಿದೆ. ಮೇಕೆ ಮಾತ್ರ ಆಗದು, ಪ್ಯಾನೆಲ್ ಮೇಲೆ ಹತ್ತುತ್ತದೆ, ವೈರು ಕಡಿಯುತ್ತದೆ. ಕುರಿ ತಲೆ ಬಗ್ಗಿಸಿ ಮೇಯುವ ಜೀವ, ಮೇಲಕ್ಕೆ ನೋಡೋದೇ ಇಲ್ಲ. ಇದೇ ಕೆಲಸ ಪಾವಗಡದ ಬೇಲಿಯೊಳಗೂ ಗೊತ್ತುಮಾಡಿ ನೋಡಬಾರದೇ? ವಿಷದ ಔಷಧಿ ಹೊಡೆಯದೆ ಮಂದೆ ಒಳಗೆ ಬಿಟ್ಟರೆ ಕಂಪನಿಗೆ ಹುಲ್ಲಿನ ಖರ್ಚು ಉಳಿಯುತ್ತದೆ, ಕುರಿಯವನಿಗೆ ಕೂಲಿ ಹುಟ್ಟುತ್ತದೆ, ಮೇವೂ ಸಿಗುತ್ತದೆ. ಕೇಳಬೇಕಾದವರು ಬೆಂಗಳೂರಿನಲ್ಲಿದ್ದಾರೆ.

ಅಲ್ಲೀತನಕ ಪಾವಗಡದ ಕುರಿಯವರಿಗೆ ಬೇಸಿಗೆಯಲ್ಲಿ ಉಳಿದಿರೋದು ಆಂಧ್ರದ ದಾರಿ. ತಾಲ್ಲೂಕಿನ ಸುತ್ತ ಮೂರು ಕಡೆ ಆ ರಾಜ್ಯವೇ. ಮಡಕಶಿರಾ, ರೊದ್ದಂ ಕಡೆ ಮಂದೆ ದಾಟಿಸುತ್ತಾರೆ. ತೆಲುಗು ಬರುತ್ತದೆ, ನೆಂಟರೂ ಇದ್ದಾರೆ, ಮಾತಿಗೆ ತೊಂದರೆಯಿಲ್ಲ. ಆದರೆ ಗಡಿ ದಾಟಿದ ಮೇಲೆ ಕುರಿ ಸತ್ತರೆ ಚೀಟಿ ಬರೆದುಕೊಡೋಕೆ ನಮ್ಮ ಡಾಕ್ಟರು ಅಲ್ಲಿಲ್ಲ, ಅನುಗ್ರಹದ ಅರ್ಜಿಗೆ ದಾಖಲೆ ಹುಟ್ಟುವುದಿಲ್ಲ. ಊರಿಗೆ ಬಂದ ಮೇಲೆ ಯಜಮಾನನ ಮುಂದೆ ಬರೀ ಬಾಯಿ ಮಾತಿನ ಲೆಕ್ಕ ಒಪ್ಪಿಸಬೇಕು. ಅದಕ್ಕೇ ಈಚೆಗೆ ಕೆಲವರು ಕುರಿ ಸತ್ತ ಕೂಡಲೇ ಮೊಬೈಲಿನಲ್ಲಿ ಫೋಟೋ ಹಿಡಿದು, ಕಿವಿಯ ಗುರುತು ಕಾಣುವ ಹಾಗೆ, ಯಜಮಾನನಿಗೆ ಕಳಿಸಿಬಿಡುತ್ತಾರೆ.