ಕರೆಂಟು ಹೋದಾಗ ಫೈಲು ಏನಾಗುತ್ತದೆ?

ಕಂಪ್ಯೂಟರಿನಲ್ಲಿ ಸೇವ್ ಮಾಡಿದ ಫೈಲು ಆ ಕ್ಷಣಕ್ಕೇ ಡಿಸ್ಕ್ ಸೇರಿರುವುದಿಲ್ಲ. ಬರೆದದ್ದು ಸಾಮಾನ್ಯವಾಗಿ ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇರುತ್ತದೆ. ಫೈಲ್ ಸಿಸ್ಟಮ್ ಎಂಬ ತಂತ್ರಾಂಶ ಅದನ್ನು ತನ್ನ ಅನುಕೂಲ ನೋಡಿಕೊಂಡು ಡಿಸ್ಕಿಗೆ ಇಳಿಸುತ್ತದೆ. ಅದೂ ಒಂದೇ ಏಟಿಗಲ್ಲ. ಮಾಹಿತಿ ಒಂದು ಕಡೆ, ಅದರ ಗಾತ್ರ ಮತ್ತು ಜಾಗದ ವಿವರ ಇನ್ನೊಂದು ಕಡೆ, ಫೈಲಿನ ಹೆಸರು ಮತ್ತೊಂದು ಕಡೆ ದಾಖಲಾಗಬೇಕು. ನಡುವೆ ಕರೆಂಟು ಹೋದರೆ ಹೆಸರಿದ್ದೂ ಒಳಗೇನೂ ಇಲ್ಲದ ಫೈಲು ಉಳಿಯಬಹುದು.

ಇದಕ್ಕೆ ಹಳೆಯ ಪರಿಹಾರ ಜರ್ನಲ್. ಅಂಗಡಿಯ ಗುಮಾಸ್ತ ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಹತ್ತಿಸುವಂತೆ, ಮಾಡಲಿರುವ ಬದಲಾವಣೆಯನ್ನು ಮೊದಲೇ ಒಂದೆಡೆ ಗುರುತು ಮಾಡಿಡುವ ವಿಧಾನವಿದು. 2001ರಲ್ಲಿ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಗೆ ಸೇರಿದ ಎಕ್ಸ್‌ಟ್3 ಫೈಲ್ ಸಿಸ್ಟಮ್ ಇದನ್ನೇ ಬಳಸಿತು. ಆದರೆ ವೇಗಕ್ಕಾಗಿ ಜರ್ನಲ್‌ನಲ್ಲಿ ಸಾಮಾನ್ಯವಾಗಿ ವಿವರಗಳನ್ನಷ್ಟೇ ಬರೆಯಲಾಗುತ್ತದೆ, ಮಾಹಿತಿಯನ್ನಲ್ಲ. ಫೈಲನ್ನು ಈಗಲೇ ಡಿಸ್ಕಿಗೆ ಇಳಿಸು ಎಂದು ಹೇಳುವ ‘ಎಫ್‌ಸಿಂಕ್’ ಆದೇಶವಿದೆ. ಅದು ನಿಧಾನವಾದ್ದರಿಂದ ತಂತ್ರಾಂಶ ಬರೆಯುವವರು ಆದಷ್ಟು ತಪ್ಪಿಸುತ್ತಾರೆ.

ಈ ತಪ್ಪಿಸುವಿಕೆಯ ಬೆಲೆಯನ್ನು 2014ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟರು. ಗಿಟ್, ಎಸ್‌ಕ್ಯೂಲೈಟ್‌ನಂಥ 11 ಹೆಸರಾಂತ ತಂತ್ರಾಂಶಗಳನ್ನು ಅವರ ‘ಆಲಿಸ್’ ಉಪಕರಣ ಪರೀಕ್ಷಿಸಿದಾಗ 60 ದೌರ್ಬಲ್ಯಗಳು ಸಿಕ್ಕವು. ಬರವಣಿಗೆ ಇಂಥದೇ ಕ್ರಮದಲ್ಲಿ ಡಿಸ್ಕ್ ಸೇರುತ್ತದೆ ಎಂಬ ನಂಬಿಕೆ ಒಂದು ಫೈಲ್ ಸಿಸ್ಟಮ್‌ನಲ್ಲಿ ನಿಜವಾಗಿ ಇನ್ನೊಂದರಲ್ಲಿ ಸುಳ್ಳಾಗುತ್ತಿತ್ತು.

ತಪ್ಪು ಫೈಲ್ ಸಿಸ್ಟಮ್‌ನ ಒಳಗೂ ಇರಬಹುದು. 2018ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ತಂಡ ಹಿಂದೆ ವರದಿಯಾದ ದೋಷಗಳನ್ನು ಅಭ್ಯಾಸ ಮಾಡಿ, ಅವುಗಳಲ್ಲಿ ಹೆಚ್ಚಿನವು ಎರಡು ಮೂರು ಸರಳ ಕ್ರಿಯೆಗಳಲ್ಲೇ ಮರುಕಳಿಸುತ್ತವೆ ಎಂದು ಕಂಡುಕೊಂಡಿತು. ಈ ಕ್ಷೇತ್ರದ ಅತ್ಯಂತ ಉಪಯುಕ್ತ ಒಳನೋಟಗಳಲ್ಲಿ ಇದೂ ಒಂದು. ದೊಡ್ಡ ಡಿಸ್ಕು, ತಿಂಗಳುಗಟ್ಟಲೆ ಬಳಕೆ ಏನೂ ಬೇಡ. ಫೈಲು ಸೃಷ್ಟಿಸು, ಹೆಸರು ಬದಲಿಸು, ಸಿಂಕ್ ಮಾಡು, ಆಮೇಲೆ ಕರೆಂಟು ಹೋದಂತೆ ನಟಿಸು. ಇಂಥ ಪುಟ್ಟ ಸರಣಿಗಳನ್ನು ವ್ಯವಸ್ಥಿತವಾಗಿ ಓಡಿಸಿದ ‘ಕ್ರ್ಯಾಶ್‌ಮಂಕಿ’, ‘ಏಸ್’ ಉಪಕರಣಗಳು ಲಿನಕ್ಸ್‌ನ ಪಳಗಿದ ಫೈಲ್ ಸಿಸ್ಟಮ್‌ಗಳಲ್ಲೇ 10 ಹೊಸ ದೋಷಗಳನ್ನು ಹಿಡಿದವು. ಅವುಗಳಲ್ಲಿ ಏಳು 2014ರಿಂದ ಯಾರ ಕಣ್ಣಿಗೂ ಬೀಳದೆ ಉಳಿದಿದ್ದವು.

ಪರೀಕ್ಷೆ ದೋಷವನ್ನು ತೋರಿಸಬಲ್ಲದು, ದೋಷವೇ ಇಲ್ಲವೆಂದು ಸಾಬೀತು ಮಾಡಲಾರದು. ಹಾಗಾಗಿ ಗಣಿತದ ದಾರಿ ಹಿಡಿದವರೂ ಇದ್ದಾರೆ. ಎಂಐಟಿಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ‘ಎಫ್‌ಎಸ್‌ಸಿಕ್ಯೂ’ ಫೈಲ್ ಸಿಸ್ಟಮ್, ಯಾವ ಗಳಿಗೆಯಲ್ಲಿ ಯಂತ್ರ ನಿಂತರೂ ಸರಿಯಾಗಿ ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಕಾಕ್ ಎಂಬ ತಂತ್ರಾಂಶ ಪರಿಶೀಲಿಸಿದ ಪುರಾವೆ ಇದೆ. ಅದರಲ್ಲೂ ಟೆಕ್ಸಾಸ್ ತಂಡದ ಉಪಕರಣಗಳು ಒಂದು ದೋಷ ಕಂಡವು. ಪುರಾವೆ ತಪ್ಪಿರಲಿಲ್ಲ, ದೋಷವಿದ್ದದ್ದು ಪುರಾವೆಯ ವ್ಯಾಪ್ತಿಗೆ ಬಾರದ, ಫೈಲ್ ಸಿಸ್ಟಮನ್ನು ಹೊರಜಗತ್ತಿಗೆ ಜೋಡಿಸುವ ಸಾಮಾನ್ಯ ಕೋಡಿನಲ್ಲಿ.