ಗಾಳಿ ಮರಕ್ಕೆ ನಕ್ಷತ್ರ ಕಟ್ಟಿದ ಕರಾವಳಿ

ಕ್ರಿಸ್‌ಮಸ್ ನೋಡಲು ಎಲ್ಲಿಗೆ ಹೋಗಬೇಕು ಎನ್ನುವ ಪಟ್ಟಿಗಳಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಇದ್ದೇ ಇರುತ್ತದೆ. ಅಲ್ಲಿನ ಕ್ರಿಸ್‌ಮಸ್ ಸಂತೆ 1570ರಿಂದ ನಡೆದುಬಂದದ್ದು. ಲಂಡನ್ನಿನ ಟ್ರಫಾಲ್ಗರ್ ಚೌಕದ ಸ್ಪ್ರೂಸ್ ಮರ ನೋಡಲೂ ಜನ ಸೇರುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಕೊಟ್ಟ ಆಸರೆಯನ್ನು ನೆನೆದು ನಾರ್ವೆಯ ಓಸ್ಲೋ ನಗರ 1947ರಿಂದ ಪ್ರತಿವರ್ಷ ಕಳಿಸುವ ಮರ ಅದು. ಎರಡೂ ಕಡೆ ಹಬ್ಬದ ನಡುವೆ ನಿಲ್ಲುವುದು ಒಂದು ಮರ. ಕಾರವಾರ–ಅಂಕೋಲಾ ಕರಾವಳಿಗೂ ಅಂಥ ಮರವೊಂದು ದಕ್ಕಿದೆ.

ಮನೆಯೊಳಗೆ ಮರ ನಿಲ್ಲಿಸುವ ರೂಢಿ ಜರ್ಮನ್ ಸೀಮೆಯದು. 1605ರ ಹೊತ್ತಿಗೆ, ಆಗ ಜರ್ಮನ್ ಸೀಮೆಗೇ ಸೇರಿದ್ದ ಸ್ಟ್ರಾಸ್‌ಬರ್ಗಿನ ಜನ ಫರ್ ಮರಗಳಿಗೆ ಕಾಗದದ ಗುಲಾಬಿ, ಸೇಬು ಕಟ್ಟುತ್ತಿದ್ದ ದಾಖಲೆಯಿದೆ. 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ವಿಕ್ಟೋರಿಯಾ ರಾಣಿ ಮತ್ತು ಆಲ್ಬರ್ಟ್ ದಂಪತಿ ಮಕ್ಕಳೊಂದಿಗೆ ಮರದ ಸುತ್ತ ನಿಂತ ಚಿತ್ರ ಅಚ್ಚುಹಾಕಿದ ಮೇಲೆ ಇಂಗ್ಲಿಷರ ಮನೆಮನೆಗೂ ಅದು ಹಬ್ಬಿತು. ಅವರ ಹಿಂದೆಯೇ ವಸಾಹತುಗಳಿಗೂ ಬಂತು.

ನಮ್ಮ ಕಡೆ ಕ್ರಿಸ್‌ಮಸ್ ಅದಕ್ಕಿಂತ ಹಳೆಯದು. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ದಕ್ಷಿಣಕ್ಕೆ ಬಂದ ಕೊಂಕಣಿ ಕ್ಯಾಥೊಲಿಕರಿಗೆ ಹಬ್ಬದ ಕೇಂದ್ರ ಗೋದಲಿ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಮೇವಿನ ದೋಣಿ, ಎತ್ತು, ಕತ್ತೆ ಇಟ್ಟು ಏಸುವಿನ ಜನನವನ್ನು ಜನರ ಕಣ್ಣಿಗೆ ಕಟ್ಟಿಸಿದ್ದ. ಆ ಪರಂಪರೆ ನಮ್ಮ ಹಟ್ಟಿ, ಹುಲ್ಲುಗಳೊಂದಿಗೆ ಸಲೀಸಾಗಿ ಬೆರೆಯಿತು. ಮರದ ಮಾತು ಬೇರೆ. ಉಪ್ಪುಗಾಳಿಯ ಈ ಸೆಕೆಯಲ್ಲಿ ಫರ್ ಎಲ್ಲಿಂದ ಬೆಳೆಯಬೇಕು?

ಆ ಜಾಗ ತುಂಬಿದ್ದು ಗಾಳಿ ಮರ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯುತ್ತಿದ್ದ ಕಾಲ. 1868ರಲ್ಲಿ ಇಲ್ಲಿ ಗಾಳಿ ಮರದ ನೆಡುತೋಪು ಎದ್ದಿತೆಂದು ಅರಣ್ಯಶಾಸ್ತ್ರದ ಬರಹಗಳು ಹೇಳುತ್ತವೆ. ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾಗಳ ಕಡಲಂಚಿನ ಈ ಮರ ಮರಳನ್ನು ಹಿಡಿದು ನಿಲ್ಲಿಸುತ್ತದೆ, ಒಳ್ಳೆಯ ಸೌದೆಯನ್ನೂ ಕೊಡುತ್ತದೆ. ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಒದಗಿಸುವುದರಿಂದ ಬರಿಯ ಮರಳಲ್ಲೂ ಬೆಳೆಯಬಲ್ಲದು. 1880ರ ದಶಕದ ಆರಂಭದಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜತೆ ಕಾರವಾರದಲ್ಲಿದ್ದ ರವೀಂದ್ರನಾಥ ಟ್ಯಾಗೋರರು ತಮ್ಮ ಆತ್ಮಕಥನದಲ್ಲಿ ಈ ದಂಡೆಯ ಗಾಳಿ ಮರದ ಕಾಡನ್ನು ನೆನೆದಿದ್ದಾರೆ.

ಒಂದು ಟೊಂಗೆ ಕೈಗೆ ತೆಗೆದುಕೊಳ್ಳಿ. ದೂರಕ್ಕೆ ಪೈನ್ ಸೂಜಿಯೆಂದು ಕಂಡದ್ದು ಎಲೆಯಲ್ಲ, ಹಸಿರು ಕಡ್ಡಿ. ಎರಡು ತುದಿ ಹಿಡಿದು ಎಳೆದರೆ ಗೆಣ್ಣಿನಲ್ಲಿ ಟಕ್ಕನೆ ಬಿಡುತ್ತದೆ. ಆ ಗೆಣ್ಣಿನ ಸುತ್ತ ಕಾಣುವ ಏಳೆಂಟು ಚಿಕ್ಕ ಹಲ್ಲುಗಳೇ ಅದರ ಎಲೆಗಳು. ಪೈನ್ ಕುಲಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಆದರೆ ಹಬ್ಬಕ್ಕೆ ಬೇಕಾದ ರೂಪ ಇದಕ್ಕಿದೆ: ಇಳಿಬಿದ್ದ ಹಸಿರು, ನೇರ ಕಾಂಡ, ಗುಂಡಗಿನ ಪುಟ್ಟ ಕಾಯಿ. ವರ್ಷವಿಡೀ ಒಲೆಗೆ ದರಕು ಕೊಡುವ ಮರದ ಟೊಂಗೆ ಡಿಸೆಂಬರಿನಲ್ಲಿ ಮರಳು ತುಂಬಿದ ಬಕೆಟ್ಟಿನಲ್ಲಿ ನಿಂತು, ಹತ್ತಿಯ ಹಿಮ ಹೊತ್ತು, ಬಣ್ಣದ ದೀಪ ಉಡುತ್ತದೆ. ಹೊರಗೆ ಕಾಗದದ ನಕ್ಷತ್ರ ತೂಗುತ್ತದೆ. ನೇವ್ರಿ, ದೋದೋಲ್ ಎಂಬ ಸಿಹಿತಿಂಡಿಗಳ ತಟ್ಟೆಗಳು ನೆರೆಮನೆಗೆ ಹೋಗುತ್ತವೆ. ಚೌತಿಯ ಚಕ್ಕುಲಿ ಬಂದ ದಾರಿಯಲ್ಲೇ.

ಈ ಕ್ರಿಸ್‌ಮಸ್ ನೋಡಲು ವಿಮಾನ ಹತ್ತಬೇಕಿಲ್ಲ. ಕೊಂಕಣ ರೈಲು ಮಾರ್ಗದಲ್ಲಿ ಕಾರವಾರಕ್ಕೂ ಅಂಕೋಲೆಗೂ ನಡುವೆ ಹಾರವಾಡ ನಿಲ್ದಾಣವಿದೆ. ಅಲ್ಲಿಳಿದು ಹಗಲು ಕಡಲಂಚು ಸುತ್ತಿ, ಸಂಜೆಗೆ ಕಾರವಾರ ಸೇರಬಹುದು. 1976ರಿಂದ ಕಾರವಾರ ಪ್ರತ್ಯೇಕ ಧರ್ಮಪ್ರಾಂತದ ಕೇಂದ್ರ. ಇಲ್ಲಿನ ಇಗರ್ಜಿಗಳಲ್ಲಿ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ಬಲಿಪೂಜೆಗೆ ನೆರೆಹೊರೆಯವರೂ ಬರುತ್ತಾರೆ. ಬಂದವರು ದಂಡೆಯ ಮರಕ್ಕೆ ಕತ್ತಿ ಹಾಕದಿರಲಿ. ಹಿತ್ತಲಲ್ಲಿ ಬೆಳೆದದ್ದರ ಒಂದು ಟೊಂಗೆ ಸಾಕು. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಇದೇ ತೀರಕ್ಕೆ ಬರುವುದರಿಂದ ರಾತ್ರಿ ಅಲ್ಲಿ ದೀಪ, ಪಟಾಕಿ ಬೇಡ.

ಫರ್ ಮರವೂ ಒಂದು ಸೀಮೆಯ ಜನ ತಮ್ಮ ಕಾಡಿನಿಂದ ಕೈಗೆ ಸಿಕ್ಕಿದ್ದನ್ನು ಮನೆಗೆ ತಂದದ್ದೇ. ಕಾರವಾರದವರು ಮಾಡಿದ್ದೂ ಅದನ್ನೇ. ಹಬ್ಬ ಊರಿನದಾಗುವುದು ಹೀಗೆ. ಆದ್ದರಿಂದ ನಮ್ಮ ಗಾಳಿ ಮರ ಯಾವುದರ ನಕಲೂ ಅಲ್ಲ, ಸ್ಟ್ರಾಸ್‌ಬರ್ಗಿನ ಫರ್‌ನಷ್ಟೇ ಅಸಲಿ ಕ್ರಿಸ್‌ಮಸ್ ಮರ.