ಸ್ಕ್ಯಾನ್ ಹೇಳಿದ್ದು ಒಂದು, ಸೂಜಿ ಹೇಳಿದ್ದು ಇನ್ನೊಂದು

ಎರಡು ವರ್ಷದ ಹಿಂದಿನ ಸೆಪ್ಟೆಂಬರ್. ಬೆಂಗಳೂರಿನ ಆಫೀಸಿನಲ್ಲಿ ಬೆಳಗಿನ ಮೀಟಿಂಗ್ ನಡೆದಿತ್ತು. ಊರಿಂದ ತಮ್ಮ ವಾಟ್ಸ್ಆ್ಯಪ್‌ಗೆ ಒಂದು ಫೋಟೊ ಕಳಿಸಿದ. ಕಾಕಾನ ಸಿಟಿ ಸ್ಕ್ಯಾನ್ ರಿಪೋರ್ಟು. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ 7 ಸೆಂಟಿಮೀಟರ್ ಗಡ್ಡೆ, ಕ್ಯಾನ್ಸರ್ ಶಂಕೆ ಅಂತ ಬರೆದಿತ್ತು. ಕೆಳಗೆ ತಮ್ಮನ ಪ್ರಶ್ನೆ: ‘ಅಣ್ಣಾ, ಅಂದ್ರ ಏನ?’

ಕಾಕಾಗೆ ಆಗ 58. ಸಂಪಗಾಂವದಲ್ಲಿ ಆರು ಎಕರೆ ಎರಿ ಹೊಲ. ಎರಡು ತಿಂಗಳಿಂದ ಹೊಟ್ಟೆನೋವು, ಎರಡು ರೊಟ್ಟಿ ತಿನ್ನುವವ ಅರ್ಧಕ್ಕೆ ಏಳುತ್ತಿದ್ದ, 11 ಕೆ.ಜಿ. ಇಳಿದಿದ್ದ. ನಾನು ಎಲ್ಲರಂತೆ ಗೂಗಲ್ ಮಾಡಿದೆ. ಮೇದೋಜೀರಕದ ಕ್ಯಾನ್ಸರ್ ಬಂದವರು ಎಷ್ಟು ದಿನ ಬದುಕುತ್ತಾರೆ ಅನ್ನುವ ಅಂಕಿ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ.

ತೋರಿಸಿದ್ದ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದರು. ‘ರಕ್ತನಾಳ ಸುತ್ತಿಕೊಂಡೈತ್ರಿ, ಆಪರೇಷನ್ ಆಗೂದಿಲ್ಲ. ಮನೀಗೆ ಕರ್ಕೊಂಡು ಹೋಗ್ರಿ.’ ಬಯಾಪ್ಸಿ ಮಾತು ಯಾರೂ ಎತ್ತಲಿಲ್ಲ. ನಾವೂ ಕೇಳಲಿಲ್ಲ. ಕೇಳಬೇಕು ಅಂತ ಗೊತ್ತಿದ್ದರೆ ತಾನೇ!

ಕಾಕಾಗೆ ‘ಹೊಟ್ಟ್ಯಾಗ ಗಂಟು ಐತಿ, ಗುಳಿಗಿಗೆ ಕರಗತೈತಿ’ ಅಂತ ಸುಳ್ಳು ಹೇಳಿದೆವು. ಆತ ಸುಮ್ಮನೆ ತಲೆಯಾಡಿಸಿದ. ಮರುವಾರ ಹೊಲವನ್ನು ಲಾವಣಿಗೆ ಕೊಡುವ ಮಾತು ಆಡಿದಾಗಲೇ ನಮಗೆ ತಿಳಿದದ್ದು, ಆತನಿಗೆ ಎಲ್ಲಾ ಗೊತ್ತಾಗಿದೆ ಅಂತ.

ಸಿಡಿಯಲ್ಲಿ ಇದ್ದದ್ದು

ಸಮಾಧಾನಕ್ಕೆ ಅಂತ ಸ್ಕ್ಯಾನಿನ ಸಿಡಿ ತರಿಸಿಕೊಂಡು ಬೆಂಗಳೂರಿನಲ್ಲಿ ಒಬ್ಬ ರೇಡಿಯಾಲಜಿಸ್ಟ್ ಬಳಿ ಹೋದೆ. ಫಿಲ್ಮ್ ಶೀಟಿನಲ್ಲಿ ಆಯ್ದ ಕೆಲವು ಚಿತ್ರ ಮಾತ್ರ ಇರುತ್ತವೆ, ಸಿಡಿಯಲ್ಲಿ ನೂರಾರು. ನಮ್ಮ ಕೆಲಸದಲ್ಲೂ ಹಾಗೇ ಅಲ್ಲವಾ? ಬರೀ ಸ್ಕ್ರೀನ್‌ಶಾಟ್ ನೋಡಿ ಬಗ್ ಹುಡುಕೋಕೆ ಆಗಲ್ಲ, ಪೂರ್ತಿ ಲಾಗ್ ಬೇಕು.

ಅವರು ಹತ್ತು ನಿಮಿಷ ಮೌಸ್ ಉರುಳಿಸಿ ನೋಡಿದರು. ‘ಮೂರು ವಿಷಯ ಹೊಂದ್ತಾ ಇಲ್ಲ’ ಅಂದರು.

ಮೊದಲನೆಯದು: ಮಾಮೂಲಿ ಮೇದೋಜೀರಕದ ಕ್ಯಾನ್ಸರ್ ಅಲ್ಲಿನ ನಾಳದ ಒಳಪದರದಲ್ಲಿ ಹುಟ್ಟುತ್ತದೆ. ಹಾಗಾಗಿ ನಾಳ ಕಟ್ಟಿಕೊಂಡು ಹಿಂದೆ ಉಬ್ಬುವುದು ಸಾಮಾನ್ಯ. ಇಲ್ಲಿ ಗಡ್ಡೆ ಇಷ್ಟು ದೊಡ್ಡದಿದ್ದರೂ ನಾಳ ಅಷ್ಟೇನೂ ಉಬ್ಬಿಲ್ಲ.

ಎರಡನೆಯದು: ಗಡ್ಡೆ ರಕ್ತನಾಳವನ್ನು ಸುತ್ತಿಕೊಂಡಿದೆ ನಿಜ, ಆದರೆ ಹಿಚುಕಿಲ್ಲ. ಒಳಗೆ ರಕ್ತ ಆರಾಮಾಗಿ ಹರಿಯುತ್ತಿದೆ.

ಮೂರನೆಯದು: ಕಿಡ್ನಿಯ ರಕ್ತನಾಳಗಳ ಮಟ್ಟಕ್ಕಿಂತ ಕೆಳಗೂ ದುಗ್ಧಗ್ರಂಥಿಗಳು ದಪ್ಪಗಾಗಿವೆ.

‘ಇದು ಲಿಂಫೋಮಾ ಇರಬಹುದು. ಇರಬಹುದು ಅಷ್ಟೇ. ತುಂಡು ತೆಗೆದು ನೋಡದೆ ಹೆಸರಿಡೋಕಾಗಲ್ಲ’ ಅಂದರು.

ವೇಷ ಹಾಕುವ ಕಾಯಿಲೆ

ಲಿಂಫೋಮಾ ಅಂದರೆ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳ ಕ್ಯಾನ್ಸರ್. ಹೆಚ್ಚಾಗಿ ಕುತ್ತಿಗೆ, ಕಂಕುಳು, ತೊಡೆಸಂದಿಯ ಗ್ರಂಥಿಗಳಲ್ಲಿ ಗಂಟಾಗಿ ಕಾಣಿಸುತ್ತದೆ. ಆದರೆ ಈ ಕಣಗಳು ಮೈಯೆಲ್ಲಾ ತಿರುಗುವಂಥವು. ಅಪರೂಪಕ್ಕೆ ಮೂಳೆ, ಕಿಡ್ನಿ, ಮೆದುಳು, ಮೇದೋಜೀರಕದಲ್ಲೇ ಬೀಡುಬಿಡುತ್ತವೆ. ಆಗ ಸ್ಕ್ಯಾನಿನಲ್ಲಿ ಆಯಾ ಅಂಗದ ಕ್ಯಾನ್ಸರಿನಂತೆಯೇ ಕಾಣುತ್ತವೆ. ಮೇದೋಜೀರಕದ ಗಡ್ಡೆಗಳಲ್ಲಿ ಅಲ್ಲೇ ಹುಟ್ಟಿದ ಲಿಂಫೋಮಾ ನೂರಕ್ಕೆ ಒಂದೂ ಇರುವುದಿಲ್ಲ. ಅದಕ್ಕೇ ಮೊದಲ ನೋಟಕ್ಕೆ ಅದು ಯಾರ ನೆನಪಿಗೂ ಬರುವುದಿಲ್ಲ.

ಇದರಲ್ಲಿ ದೊಡ್ಡವರೂ ಮೋಸಹೋಗಿದ್ದಾರೆ. ಉಗಾಂಡದ ಕಂಪಾಲಾದಲ್ಲಿದ್ದ ಸರ್ಜನ್ ಡೆನಿಸ್ ಬರ್ಕಿಟ್, ಮಕ್ಕಳ ದವಡೆಯಲ್ಲಿ ಬರುತ್ತಿದ್ದ ಗಡ್ಡೆಗಳ ಬಗ್ಗೆ 1958ರಲ್ಲಿ ಬರೆದಾಗ ಅದನ್ನು ‘ಸಾರ್ಕೋಮಾ’ ಎಂದೇ ಕರೆದಿದ್ದರು. ಅದು ಲಿಂಫೋಮಾ ಅಂತ ಗೊತ್ತಾದದ್ದು ಆಮೇಲೆ, ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ. ಇವತ್ತು ಅದಕ್ಕೆ ಬರ್ಕಿಟ್ ಲಿಂಫೋಮಾ ಅಂತಲೇ ಹೆಸರು. ಕೀಮೋ ಔಷಧಿಗೆ ಚೆನ್ನಾಗಿ ಕರಗುವ ಕ್ಯಾನ್ಸರ್‌ಗಳಲ್ಲಿ ಅದೂ ಒಂದು.

ಹೆಸರು ಯಾವುದಾದರೇನು, ಕ್ಯಾನ್ಸರ್ ಕ್ಯಾನ್ಸರೇ ಅಲ್ಲವೇ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಮೇದೋಜೀರಕದ ಮಾಮೂಲಿ ಕ್ಯಾನ್ಸರಿಗೆ ಗುಣದ ದಾರಿ ಆಪರೇಷನ್, ಅದು ಆಗದಿದ್ದರೆ ಭರವಸೆ ಕಡಿಮೆ. ಲಿಂಫೋಮಾಕ್ಕೆ ಸಾಮಾನ್ಯವಾಗಿ ಅಷ್ಟು ದೊಡ್ಡ ಆಪರೇಷನ್ನೇ ಬೇಡ, ಔಷಧಿಗೆ ಕರಗುತ್ತದೆ. ನಮ್ಮನ್ನು ಮನೆಗೆ ಕಳಿಸಲು ಕೊಟ್ಟ ಕಾರಣ, ಅಂದರೆ ರಕ್ತನಾಳ ಸುತ್ತಿಕೊಂಡಿದ್ದು, ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಹೊಳೆಯುವುದೆಲ್ಲ ಒಂದೇ ಅಲ್ಲ

ಆಮೇಲೆ ಪೆಟ್ ಸ್ಕ್ಯಾನ್ ಆಯಿತು. ವಿಕಿರಣ ಸೂಸುವ ಫ್ಲೋರಿನ್ ಅಂಟಿಸಿದ ಸಕ್ಕರೆಯಂಥ ದ್ರವವನ್ನು ರಕ್ತಕ್ಕೆ ಬಿಡುತ್ತಾರೆ. ಸುಮಾರು 110 ನಿಮಿಷಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಕೊಟ್ಟ ಟೈಮಿಗೆ ಸರಿಯಾಗಿ ಹೋಗಬೇಕು. ಸಕ್ಕರೆ ಹೆಚ್ಚು ತಿನ್ನುವ ಜೀವಕೋಶಗಳು ಚಿತ್ರದಲ್ಲಿ ಹೊಳೆಯುತ್ತವೆ. ಕಾಕಾನ ಗಡ್ಡೆ ಜೋರಾಗಿಯೇ ಹೊಳೆಯಿತು.

ಆದರೆ ಬೇರೆ ಕ್ಯಾನ್ಸರೂ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾದ ಟಿಬಿ ಕೂಡ ಹೊಳೆಯುತ್ತದೆ! ಪೆಟ್ ಸ್ಕ್ಯಾನ್ ಎಲ್ಲೆಲ್ಲಿ ಇದೆ, ಎಲ್ಲಿಂದ ತುಂಡು ತೆಗೆದರೆ ಒಳ್ಳೆಯದು ಅಂತ ತೋರಿಸುತ್ತದೆ. ಹೆಸರು ಹೇಳುವುದಿಲ್ಲ.

ಬಯಾಪ್ಸಿ ಅಂದಾಗ ಚಿಗವ್ವ ಅಡ್ಡ ನಿಂತಳು. ‘ಗಂಟಿಗೆ ಸೂಜಿ ಚುಚ್ಚಿದ್ರ ಮೈತುಂಬ ಹರಡತೈತಂತ, ಬ್ಯಾಡಪಾ.’ ನಮ್ಮ ಕಡೆ ಮನೆಮನೆಯಲ್ಲೂ ಇರುವ ಹೆದರಿಕೆ ಇದು. ಆ ಅಪಾಯ ತೀರಾ ಕಡಿಮೆ, ಹೆಸರೇ ಗೊತ್ತಿಲ್ಲದೆ ಕೈಬಿಡುವುದು ಅದಕ್ಕಿಂತ ದೊಡ್ಡ ಅಪಾಯ ಅಂತ ಡಾಕ್ಟರು ಫೋನಿನಲ್ಲಿ ಆಕೆಗೇ ಬಿಡಿಸಿ ಹೇಳಿದರು. ಒಪ್ಪಿದಳು.

ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಒಳಗಿಂದಲೇ ಸೂಜಿ ಹಾಕಿದರು. ಮೊದಲ ಸಲ ಸಿಕ್ಕ ಕಣಗಳು ಸಾಲಲಿಲ್ಲ. ಎರಡನೇ ಸಲ ಪೂರ್ತಿ ಎಳೆಯಾಗಿ ಮಾಂಸದ ತುಂಡು ಸಿಗುವಂಥ ಸೂಜಿ ಬಳಸಿದರು. ಲ್ಯಾಬಿನಲ್ಲಿ ಒಂದೊಂದು ಪ್ರೋಟೀನಿಗೆ ಒಂದೊಂದು ಬಣ್ಣದ ಪರೀಕ್ಷೆ. ಒಂಬತ್ತನೇ ದಿನ ಉತ್ತರ ಬಂತು: ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ.

ಚಿಕಿತ್ಸೆ ಆರ್-ಚಾಪ್. 21 ದಿನಕ್ಕೊಂದರಂತೆ ಆರು ಸಲ. ಇದರಲ್ಲಿರುವ ರಿಟುಕ್ಸಿಮ್ಯಾಬ್ ಮೊದಲು ಒಪ್ಪಿಗೆ ಪಡೆದದ್ದು 1997ರಲ್ಲಿ, ಅಮೆರಿಕದಲ್ಲಿ. 2007ರಲ್ಲಿ ಡಾ. ರೆಡ್ಡೀಸ್ ಕಂಪನಿ ಇಲ್ಲೇ ತಯಾರಿಸಲು ಶುರು ಮಾಡಿದ ಮೇಲೆ ನಮ್ಮಂಥವರ ಕೈಗೂ ಎಟುಕುವಂತಾಯಿತು. ಮೂರನೇ ಸುತ್ತಿನಲ್ಲಿ ಜ್ವರ ಬಂದು ಕಾಕಾ ಐದು ದಿನ ವಾರ್ಡಿನಲ್ಲಿದ್ದ. ತಲೆಕೂದಲು, ಮೀಸೆ ಎಲ್ಲಾ ಹೋದವು. ‘ಮೀಸಿ ಹೋದದ್ದಕ್ಕ ಭಾಳ ಬ್ಯಾಸರ ಆಗೇತಿ ನೋಡ ತಮ್ಮಾ’ ಅಂದಿದ್ದ. ಮುಗಿದ ಮೇಲಿನ ಪೆಟ್ ಸ್ಕ್ಯಾನಿನಲ್ಲಿ ಹೊಳಪು ಇರಲಿಲ್ಲ.

ನೀವು ಕೇಳಬೇಕಾದದ್ದು

ಒಂದು ಮಾತು ನೇರವಾಗಿ ಹೇಳಬೇಕು. ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಸ್ಕ್ಯಾನ್ ಹೇಳಿದ ಕ್ಯಾನ್ಸರೇ ಆಗಿರುತ್ತವೆ. ಎಲ್ಲರ ಕತೆಯೂ ನಮ್ಮ ಮನೆಯದರಂತೆ ತಿರುಗುವುದಿಲ್ಲ. ಆದರೆ ಮೊದಲ ರಿಪೋರ್ಟಿನಿಂದ ಬಯಾಪ್ಸಿವರೆಗೆ ನಾವು 26 ದಿನ ಕಳೆದೆವು. ಈ ಲಿಂಫೋಮಾ ಬೇಗ ಬೆಳೆಯುವಂಥದ್ದು, ಅಷ್ಟು ದಿನ ಕಡಿಮೆಯೇನಲ್ಲ. ನಿಮ್ಮ ಮನೆಯಲ್ಲಿ ಇಂಥ ರಿಪೋರ್ಟ್ ಬಂದರೆ:

• ‘ಬಯಾಪ್ಸಿ ಆಗಿದೆಯಾ?’ ಅಂತ ಕೇಳಿ. ಬೇಡ ಅಂದರೆ ಯಾಕೆ ಅಂತಲೂ ಕೇಳಿ. ಆಪರೇಷನ್ ಮಾಡಬಹುದಾದ ಕೆಲವು ಗಡ್ಡೆಗಳಿಗೆ ಮೊದಲೇ ಸೂಜಿ ಹಾಕುವುದಿಲ್ಲ, ಅದಕ್ಕೆ ಕಾರಣವಿರುತ್ತದೆ.

• ರಿಪೋರ್ಟಿನ ಫೋಟೊ ಸಾಲದು. ಪೂರ್ತಿ ಸ್ಕ್ಯಾನಿನ ಸಿಡಿ ಕೇಳಿ ಇಟ್ಟುಕೊಳ್ಳಿ.

• ಲಿಂಫೋಮಾ ಅನುಮಾನವಿದ್ದರೆ ಬಯಾಪ್ಸಿಗೆ ಮೊದಲು ಸ್ಟಿರಾಯ್ಡ್ ಕೊಡುತ್ತಿದ್ದಾರಾ ಅಂತ ವಿಚಾರಿಸಿ. ಸ್ಟಿರಾಯ್ಡಿಗೆ ಗಡ್ಡೆ ತಾತ್ಕಾಲಿಕವಾಗಿ ಕುಗ್ಗಿ ಪರೀಕ್ಷೆಯೇ ಕೆಡಬಹುದು, ಮೆದುಳಿನಲ್ಲಿ ಮುಖ್ಯವಾಗಿ. ಹಾಗಂತ ತುರ್ತಿಗೆ ಕೊಟ್ಟಿದ್ದನ್ನು ನೀವಾಗೇ ನಿಲ್ಲಿಸಬೇಡಿ.

• ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಆಸ್ಪತ್ರೆಯಲ್ಲಿ ಮೊದಲ ದಿನವೇ ವಿಚಾರಿಸಿ.

ಹೋದ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಲಾವಣಿ ಮಾತು ಮುರಿದು ಕಾಕಾ ತಾನೇ ಜೋಳ, ಕಡಲೆ ಬಿತ್ತಿದ್ದ. ಹೊಲದಲ್ಲಿ ಎಲ್ಲರೂ ಕೂಡಿ ಚರಗ ಚೆಲ್ಲಿದೆವು. ಊಟಕ್ಕೆ ಕೂತಾಗ ಸುಳ್ಳು ಹೇಳಿದ್ದಕ್ಕೆ ತಪ್ಪಾಯಿತು ಅಂದೆ. ಕಾಕಾ ಹೊಸ ಮೀಸೆ ತಿರುವಿ ನಕ್ಕ. ‘ಗುಳಿಗಿಗೆ ಕರಗತೈತಿ ಅಂದಿದ್ರೆಲ್ಲಾ, ಖರೇನ ಆತಲ್ಲೋ’ ಅಂದು ಎರಡನೇ ರೊಟ್ಟಿಗೆ ಕೈ ಚಾಚಿದ.

ಮುಂದಿನ ಚೆಕಪ್ ಮಾರ್ಚಿನಲ್ಲಿದೆ.